‘ನನಗೇನೂ ಆಗಿಲ್ಲ’: ಮಿದುಳಿಗೆ ಪೆಟ್ಟಾದವರ ಅರಿವಿನ ಪ್ರಶ್ನೆ

ಶಿರಸಿ ಸೀಮೆಯಲ್ಲಿ ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡನೊಬ್ಬ, ಕೈಕಾಲಿನ ಹಿಡಿತ ಮರಳುವ ಮೊದಲೇ ಮತ್ತೆ ಮರ ಹತ್ತಲು ಹೊರಟರೆ, ಅಥವಾ ಹೆದ್ದಾರಿ 66ರಲ್ಲಿ ಅಪಘಾತಕ್ಕೀಡಾದ ಅಂಕೋಲೆಯ ಯುವಕ ಮರೆವು, ಸಿಟ್ಟು ಎರಡೂ ಹೆಚ್ಚಿದ್ದರೂ ‘ನನಗೇನೂ ಆಗಿಲ್ಲ’ ಎಂದೇ ಸಾಧಿಸಿದರೆ, ಮನೆಯವರು ಅದನ್ನು ಹಟವೆಂದು ತಿಳಿಯುವುದು ಸಹಜ. ಆದರೆ ಅನೇಕ ವೇಳೆ ಅದು ಹಟವಲ್ಲ. ತನ್ನ ಕೊರತೆಯನ್ನು ತಾನೇ ಗುರುತಿಸಿಕೊಳ್ಳುವ ಶಕ್ತಿಗೇ ಪೆಟ್ಟು ತಗುಲಿರುತ್ತದೆ.

ವೈದ್ಯರು ಇದನ್ನು ಅರ್ಥಮಾಡಿಕೊಂಡದ್ದೂ ನಿಧಾನವಾಗಿಯೇ. ಕುರುಡಾದರೂ ಅದನ್ನರಿಯದೆ, ಕೋಣೆಯೇ ಕತ್ತಲಾಗಿದೆ ಎನ್ನುತ್ತಿದ್ದ ಹೆಂಗಸಿನ ವಿಷಯವನ್ನು ರೋಮಿನ ತತ್ವಜ್ಞಾನಿ ಸೆನೆಕ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದನಾದರೂ, ಅದು ಮಿದುಳಿನ ಸಂಗತಿಯೆಂಬ ವಿಚಾರ ಸ್ಪಷ್ಟವಾಗತೊಡಗಿದ್ದು 19ನೆಯ ಶತಮಾನದ ಕೊನೆಯಲ್ಲಿ, ಗೇಬ್ರಿಯಲ್ ಆಂಟನ್ ಮೊದಲಾದವರ ವರದಿಗಳಿಂದ. 1914ರಲ್ಲಿ ಪ್ಯಾರಿಸ್ಸಿನ ನರವೈದ್ಯ ಜೋಸೆಫ್ ಬಾಬಿನ್ಸ್ಕಿ, ಎಡಭಾಗಕ್ಕೆ ಲಕ್ವ ಹೊಡೆದಿದ್ದರೂ ಅದರ ಅರಿವೇ ಇಲ್ಲದ ರೋಗಿಗಳನ್ನು ವಿವರಿಸಿ, ಈ ಸ್ಥಿತಿಗೆ ಅನೊಸೊಗ್ನೋಸಿಯಾ ಎಂದು ಹೆಸರಿಟ್ಟರು.

ಬಳಿಕ ಚರ್ಚೆ ಬೇರೆ ದಾರಿ ಹಿಡಿಯಿತು. 1955ರಲ್ಲಿ ಅಮೆರಿಕದ ವೈನ್‌ಸ್ಟೈನ್ ಮತ್ತು ಕಾನ್, ನೋವು ತಾಳಲಾರದ ಮನಸ್ಸು ಕಾಯಿಲೆಯನ್ನು ನಿರಾಕರಿಸುತ್ತದೆ ಎಂಬುದಕ್ಕೆ ಒತ್ತು ಕೊಟ್ಟರು. ಅದರಲ್ಲಿ ಸತ್ಯಾಂಶವಿದೆ, ಆದರೆ ಅಷ್ಟೇ ಸಾಲದು. 1987ರಲ್ಲಿ ಇಟಲಿಯ ಸಂಶೋಧಕರು ಒಳಗಿವಿಯ ಮೂಲಕ ಮಿದುಳನ್ನು ಪ್ರಚೋದಿಸಲೆಂದು ಇಂಥ ಕೆಲವು ರೋಗಿಗಳ ಎಡಗಿವಿಗೆ ತಣ್ಣೀರು ಬಿಟ್ಟಾಗ, ಸ್ವಲ್ಪ ಹೊತ್ತು ಅವರಿಗೆ ತಮ್ಮ ಲಕ್ವದ ಅರಿವು ಮೂಡಿತ್ತು. ಬರಿಯ ಮನಸ್ಸಿನ ನಿರಾಕರಣೆಯಾಗಿದ್ದರೆ ತಣ್ಣೀರಿಗೆ ಅದು ಹೀಗೆ ಸರಿಯುತ್ತಿತ್ತೇ? ನನ್ನ ಮಟ್ಟಿಗೆ ಈ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ಸಾಕ್ಷ್ಯವಿಲ್ಲ.

1989ರಲ್ಲಿ ಅಮೆರಿಕದ ಸಂಶೋಧಕ ಕ್ರಾಸನ್ ಮತ್ತು ಸಂಗಡಿಗರು ಅರಿವಿನಲ್ಲಿ ಮೂರು ಹಂತಗಳನ್ನು ಗುರುತಿಸಿದರು: ತನಗೊಂದು ತೊಂದರೆಯಿದೆ ಎಂದು ತಿಳಿದಿರುವುದು, ತೊಂದರೆ ಎದುರಾದ ಗಳಿಗೆಯಲ್ಲೇ ಅದನ್ನು ಗಮನಿಸುವುದು, ಎದುರಾಗುವ ಮೊದಲೇ ಅದನ್ನು ಊಹಿಸುವುದು. ‘ಮರೆವಿದೆ’ ಎಂದು ಬಾಯಲ್ಲಿ ಒಪ್ಪಿಕೊಂಡವನೇ ಒಲೆಯ ಮೇಲೆ ಹಾಲಿಟ್ಟು ಹೊರಟುಹೋಗುವುದು ಏಕೆಂದು ಇದರಿಂದ ತಿಳಿಯುತ್ತದೆ. ತಲೆಗೆ ಪೆಟ್ಟಾದವರಲ್ಲಿ ಕೈಕಾಲಿನ ದೌರ್ಬಲ್ಯ ಸಾಮಾನ್ಯವಾಗಿ ಬೇಗ ಅರಿವಿಗೆ ಬರುತ್ತದೆ. ನೆನಪು ಮತ್ತು ನಡವಳಿಕೆಯಲ್ಲಾದ ಬದಲಾವಣೆ ತಡವಾಗಿ. ಆದ್ದರಿಂದಲೇ ರೋಗಿಯ ಉತ್ತರವನ್ನೂ ಮನೆಯವರ ಉತ್ತರವನ್ನೂ ಹೋಲಿಸಿ ನೋಡುವ ಪ್ರಶ್ನಾವಳಿಗಳು ಬಳಕೆಗೆ ಬಂದವು.

ವಾದಿಸಿ ಒಪ್ಪಿಸುವುದರಿಂದ ಉಪಯೋಗ ಕಡಿಮೆ. ಪೇಟೆಯಿಂದ ತರಬೇಕಾದ ಸಾಮಾನುಗಳಲ್ಲಿ ಎಷ್ಟು ನೆನಪಿರುತ್ತವೆ ಎಂದು ಮೊದಲು ಅವರಿಂದಲೇ ಹೇಳಿಸಿ, ತಂದ ಮೇಲೆ ಜೊತೆಯಲ್ಲಿ ಕುಳಿತು ಎಣಿಸಿ ನೋಡುವಂಥ ಅಭ್ಯಾಸ ಹೆಚ್ಚು ಫಲ ಕೊಡುತ್ತದೆ. ಅರಿವು ಮೂಡುತ್ತಿದ್ದಂತೆ ಕೆಲವರನ್ನು ಖಿನ್ನತೆ ಕಾಡುತ್ತದೆ. ಮನೆಯವರು ಸಮಾಧಾನದ ನಿಟ್ಟುಸಿರು ಬಿಡುವ ಹೊತ್ತಿಗೇ ರೋಗಿಗೆ ಹೆಚ್ಚಿನ ಆಸರೆ ಬೇಕಾಗಿರುತ್ತದೆ. ಗಂಭೀರ ಪೆಟ್ಟಾದವರನ್ನು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವೆಗೆ ಒಯ್ಯಬೇಕಾಗಿ ಬರುವ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ, ಊರಿಗೆ ಮರಳಿದ ಮೇಲೆ ಈ ಕೆಲಸವೆಲ್ಲ ಹೆಂಡತಿ, ತಾಯಂದಿರ ಪಾಲಿಗೇ ಬರುತ್ತದೆ. ಆಸ್ಪತ್ರೆಯಿಂದ ಕಳಿಸುವಾಗಲೇ ಅವರಿಗೆ ಇದನ್ನು ಕನ್ನಡದಲ್ಲಿ, ಬಿಡಿಸಿ ಹೇಳಬೇಕು. ತಿಂಗಳುಗಳ ನಂತರವೂ ವಿಚಾರಿಸುವವರೊಬ್ಬರು ತಾಲ್ಲೂಕು ಆಸ್ಪತ್ರೆಯಲ್ಲಿರಬೇಕು.