ಕಾವಲಿ ಅಲ್ಲಿ, ಸ್ವಿಚ್ ಇಲ್ಲಿ

ಮೇ ತಿಂಗಳು. ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ರಾತ್ರಿ ಹತ್ತಾದರೂ ಸೆಖೆ ಇಳಿದಿರಲಿಲ್ಲ. ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಿದ್ದ ಅಕ್ಕನ ಮಗ, "ಮಾಮ, ಇಲ್ಲಿ ಕೈ ಇಟ್ಟು ನೋಡಿ" ಅಂದ. ಕ್ಯಾಬಿನೆಟ್ಟಿನ ಗಾಜು ಬಿಸಿಬಿಸಿ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ 84 ಡಿಗ್ರಿ ತೋರಿಸುತ್ತಿತ್ತು. ಅದರ ಪುಟ್ಟ ಫ್ಯಾನುಗಳು ಕಿರುಚುತ್ತಿದ್ದವು. ಕ್ಯಾಬಿನೆಟ್ಟಿನ ದೊಡ್ಡ ಫ್ಯಾನುಗಳು ಮಾತ್ರ ತೂಕಡಿಸುತ್ತಿದ್ದವು.

ತಪ್ಪು ಫ್ಯಾನಿನದ್ದಲ್ಲ. ಅದರ ವೈರು ಹೋಗುವುದು ಎಲ್ಲ ಭಾಗಗಳನ್ನೂ ಜೋಡಿಸುವ ಮದರ್‌ಬೋರ್ಡಿಗೆ. ಮದರ್‌ಬೋರ್ಡ್ ಸಾಮಾನ್ಯವಾಗಿ ನೋಡುವುದು ಲೆಕ್ಕ ಮಾಡುವ ಮುಖ್ಯ ಚಿಪ್ಪಾದ ಪ್ರೊಸೆಸರಿನ ಬಿಸಿಯನ್ನು. ಆದರೆ ಗೇಮ್ ಆಡುವಾಗ ಜಾಸ್ತಿ ಕರೆಂಟ್ ತಿನ್ನುವುದು ಗ್ರಾಫಿಕ್ಸ್ ಕಾರ್ಡ್. ಅದು ಉಗುಳಿದ ಬಿಸಿಗಾಳಿ ಒಳಗೇ ಸುತ್ತುತ್ತದೆ, ಕಾರ್ಡಿನ ಫ್ಯಾನು ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿ ಹೊಗೆಯಾಡುತ್ತಿದೆ, ಎಕ್ಸಾಸ್ಟ್ ಸ್ವಿಚ್ ಮಾತ್ರ ಗಲ್ಲಾದ ಪಕ್ಕದಲ್ಲಿದೆ ಅಂದುಕೊಳ್ಳಿ. ಗಲ್ಲಾದವರಿಗೆ ಬೆವರಿದಾಗ ತಾನೇ ಅದು ತಿರುಗುವುದು?

ಹಾಗಾಗಿ ಸ್ವಿಚ್ಚನ್ನು ಕಾವಲಿಯ ಹತ್ತಿರ ತರಬೇಕು. ವಿಂಡೋಸಿನಲ್ಲಿ 'ಫ್ಯಾನ್ ಕಂಟ್ರೋಲ್' ಎಂಬ ಉಚಿತ ತಂತ್ರಾಂಶವಿದೆ. ಅದು ಕಾರ್ಡಿನ ಬಿಸಿ ಓದಿ ಕ್ಯಾಬಿನೆಟ್ ಫ್ಯಾನಿಗೆ ಅಪ್ಪಣೆ ಕೊಡುತ್ತದೆ. ಲಿನಕ್ಸಿನಲ್ಲಿ ಎಎಮ್‌ಡಿ ಕಂಪೆನಿಯ ಕಾರ್ಡಾದರೆ ಬಿಸಿ ಒಂದು ಫೈಲಿನಲ್ಲೇ ಸಿಗುತ್ತದೆ, ಡಿಗ್ರಿಯ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ. 84 ಡಿಗ್ರಿ ಅಂದರೆ 84000. ಮೊದಲ ಸಲ ನೋಡಿದಾಗ ನಾನು ಹೌಹಾರಿದ್ದೆ.

ನಾವು ಕ್ಯಾಬಿನೆಟ್ ಫ್ಯಾನಿನ ವೇಗವನ್ನು 50 ಡಿಗ್ರಿಯವರೆಗೆ ಶೇ. 30, 75ಕ್ಕೆ ಶೇ. 70 ಅಂತ ಇಟ್ಟೆವು. ನಾಲ್ಕು ವೈರಿನ ಫ್ಯಾನಿನಲ್ಲಿ ನಾಲ್ಕನೆಯದು ಬರೀ ಸಂದೇಶದ ವೈರು. ಅದರಲ್ಲಿನ ಸಂಕೇತ ಸೆಕೆಂಡಿಗೆ ಸುಮಾರು 25,000 ಸಲ ಆನ್-ಆಫ್ ಆಗುತ್ತದೆ. ಪ್ರತಿ ಸಲ ಆನ್ ಇರುವ ಹೊತ್ತು ಹೆಚ್ಚಿದಷ್ಟೂ ವೇಗ ಹೆಚ್ಚು.

ಮೊದಲ ರಾತ್ರಿ ತಲೆ ಚಿಟ್ಟು ಹಿಡಿಯಿತು. ಬಿಸಿ ಎರಡು ಡಿಗ್ರಿ ಏರಿದರೆ ಫ್ಯಾನು 'ಊಂ...' ಅನ್ನುತ್ತದೆ, ಇಳಿದರೆ ಸುಮ್ಮನಾಗುತ್ತದೆ, ಮತ್ತೆ 'ಊಂ'. ಒಂದೇ ಸಮನೆ ಬರುವ ಸದ್ದನ್ನಾದರೂ ತಡೆಯಬಹುದು, ಇದನ್ನು ಆಗುವುದಿಲ್ಲ. ಬಿಸಿ ನಾಲ್ಕು ಡಿಗ್ರಿ ಇಳಿಯುವ ತನಕ ವೇಗ ಇಳಿಸಬೇಡ ಅಂತ ಹೇಳಿದ ಮೇಲೆ ಸರಿಹೋಯಿತು.

ಸುಮ್ನೆ ಫುಲ್ ಇಟ್ಟರೆ ಆಗದೇ? ಆಗುತ್ತದೆ. ಆದರೆ ವೇಗ ಎರಡು ಪಟ್ಟಾದರೆ ಗಾಳಿಯೂ ಎರಡೇ ಪಟ್ಟು, ಫ್ಯಾನು ತಿನ್ನುವ ಕರೆಂಟು ಮಾತ್ರ ಸುಮಾರು ಎಂಟು ಪಟ್ಟು, ಸದ್ದು 15 ಡೆಸಿಬಲ್‌ನಷ್ಟು ಜಾಸ್ತಿ.

ಈಗ ಕಾರ್ಡ್ 76ರಲ್ಲಿ ನಿಲ್ಲುತ್ತದೆ. ಅಕ್ಕನಿಗೆ ಮಾತ್ರ ಸಮಾಧಾನವಿಲ್ಲ. "ಬಿಸಿ ಹೋಯ್ತು ಅಂತೀರಲ್ಲ, ಎಲ್ಲಿಗೆ ಹೋಯ್ತು?" ಕಾರ್ಡ್ ತಿನ್ನುವ 200 ವಾಟೂ ಕೊನೆಗೆ ಬಿಸಿಯಾಗಿ ಕೋಣೆಗೇ ಬರುತ್ತದೆ, ಹಳೇ ನೂರು ವಾಟಿನ ಎರಡು ಬಲ್ಬು ಉರಿಸಿದ ಹಾಗೆ. ನಾನು ಎದ್ದು ಕಿಟಕಿ ತೆಗೆದೆ.