ಒಪ್ಪಿಗೆ ಬೇರೆ, ಮೆಚ್ಚುಗೆ ಬೇರೆ: ‘ಗ್ರೂವ್’ ಚಿತ್ರ ಮತ್ತು ಅದರ ಪ್ರೇಕ್ಷಕರು

ಪ್ರೇಕ್ಷಕರ ಪ್ರತಿಕ್ರಿಯೆ ಅನ್ನುವ ಪಾಠಕ್ಕೆ ಎಲ್ಲರೂ ಯಾವುದೋ ಸ್ಟಾರ್ ಸಿನಿಮಾವನ್ನೇ ಉದಾಹರಣೆ ಕೊಡುತ್ತಾರೆ. ಅಭಿಮಾನಿಗಳು ಮೆಚ್ಚಿದರು, ಉಳಿದವರು ಬೈದರು, ಅಲ್ಲಿಗೆ ಮುಗೀತು. ಅದರಿಂದ ಕಲಿಯುವುದು ಕಡಿಮೆ. ಅದರ ಬದಲು ‘ಗ್ರೂವ್’ ತಗೊಳ್ಳಿ ಅನ್ನುವುದು ನನ್ನ ಸಲಹೆ. 2000ದಲ್ಲಿ ಬಂದ ಅಮೆರಿಕದ ಸಣ್ಣ ಚಿತ್ರ ಇದು. ಬರೆದು ನಿರ್ದೇಶಿಸಿದವರು ಗ್ರೆಗ್ ಹ್ಯಾರಿಸನ್. ಆ ವರ್ಷದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿತು. ನೋಡಿದವರು ಬರೀ ಎರಡು ಹೋಳಾಗಲಿಲ್ಲ, ಮೂರ್ನಾಲ್ಕು ಹೋಳಾದರು. ಮೈಸೂರು ವಿಶ್ವವಿದ್ಯಾಲಯದ ಮಾನಸ ಗಂಗೋತ್ರಿಯಲ್ಲಿ ಒಟ್ಟಿಗೆ ಓದುವ ನಮ್ಮ ಗುಂಪಿನಲ್ಲೂ ಅದೇ ಆಯಿತು.

ಕಥೆ ಹೇಳುವುದು ಸುಲಭ, ಯಾಕೆಂದರೆ ಜಾಸ್ತಿ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಾಳುಬಿದ್ದ ಗೋದಾಮು. ಅಲ್ಲಿ ಒಂದು ರಾತ್ರಿ, ಅನುಮತಿ ಇಲ್ಲದೆ ನಡೆಯುವ ರೇವ್, ಅಂದರೆ ಹೌಸ್, ಟೆಕ್ನೋ ಥರದ ಎಲೆಕ್ಟ್ರಾನಿಕ್ ಸಂಗೀತಕ್ಕೆ ರಾತ್ರಿಯಿಡೀ ಕುಣಿಯುವ ಕೂಟ. ಕರೆ ಹೋಗುವುದು ಇಮೇಲಿನಲ್ಲಿ. ಡೇವಿಡ್ ಅನ್ನುವ ಸಂಕೋಚದ ಯುವಕನನ್ನು ಅವನ ಸೋದರ ಕಾಲಿನ್ ಎಳೆದುಕೊಂಡು ಬರುತ್ತಾನೆ. ಡೇವಿಡ್ ಮೊದಲ ಸಲ ಎಕ್ಸ್‌ಟಸಿ ಅನ್ನುವ ಮಾದಕ ಮಾತ್ರೆ ತೆಗೆದುಕೊಳ್ಳುತ್ತಾನೆ, ಲೈಲಾ ಅನ್ನುವವಳ ಪರಿಚಯವಾಗುತ್ತದೆ. ಎರ್ನಿ ಅನ್ನುವವನು ಎಲ್ಲವನ್ನೂ ಹೊಂದಿಸಿದವನು. ಪೊಲೀಸರು ಬರುತ್ತಾರೆ. ಇಂಗ್ಲೆಂಡಿನ ನಿಜವಾದ ಡಿಜೆ ಜಾನ್ ಡಿಗ್‌ವೀಡ್ ತಮ್ಮದೇ ಪಾತ್ರದಲ್ಲಿ ಬಂದು ನುಡಿಸುತ್ತಾರೆ. ಎಲ್ಲ ಸೇರಿ 86 ನಿಮಿಷ.

ರೇವ್ ಹಿನ್ನೆಲೆಗೆ ನಾಲ್ಕೇ ಸಾಲು ಸಾಕು, ಪರೀಕ್ಷೆಯಲ್ಲೂ ಅದಕ್ಕಿಂತ ಹೆಚ್ಚು ಬರೆಯಬೇಡಿ. 1980ರ ದಶಕದ ಶಿಕಾಗೋದಲ್ಲಿ ಹೌಸ್ ಸಂಗೀತ, ಡೆಟ್ರಾಯಿಟ್‌ನಲ್ಲಿ ಟೆಕ್ನೋ ಹುಟ್ಟಿತು. ಎರಡನ್ನೂ ಮೊದಲು ಕಟ್ಟಿದವರಲ್ಲಿ ಹೆಚ್ಚಿನವರು ಕಪ್ಪು ಜನ. 1988ರ ಹೊತ್ತಿಗೆ ಬ್ರಿಟನ್ನಿನಲ್ಲಿ ಅದು ಗೋದಾಮು, ಗದ್ದೆ ಬಯಲಿಗೆ ಹರಡಿತು. 1992ರ ಮೇ ತಿಂಗಳಲ್ಲಿ ಕಾಸಲ್‌ಮಾರ್ಟನ್ ಬಯಲಿನಲ್ಲಿ ಸಾವಿರಾರು ಜನ ದಿನಗಟ್ಟಲೆ ಸೇರಿದ ಮೇಲೆ ಸರ್ಕಾರ ಎಚ್ಚೆತ್ತು, 1994ರಲ್ಲಿ ಕಾನೂನು ಮಾಡಿತು. ಆ ಕಾನೂನು ರೇವಿನ ಸಂಗೀತವನ್ನು ವಿವರಿಸಿದ್ದು ‘ಮತ್ತೆ ಮತ್ತೆ ಬರುವ ಬಡಿತಗಳ ಸಾಲು’ ಎಂಬ ಅರ್ಥ ಬರುವ ಮಾತಿನಲ್ಲಿ. ತಾಳದ ಮೇಲೆ ಕಾನೂನು ಮಾಡಿದ ಸರ್ಕಾರ ಅಂತ ಇವತ್ತಿಗೂ ಜನ ನಗುತ್ತಾರೆ.

ಒಳಗಿನವರ ಮುನಿಸು

ಈಗ ವಿಚಿತ್ರ ನೋಡಿ. ಈ ಚಿತ್ರ ರೇವ್ ಪರವಾಗಿಯೇ ಇದೆ. ಅಲ್ಲಿ ಸೇರುವವರು ಒಳ್ಳೆಯವರು, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ, ದುಡ್ಡಿಗಾಗಿ ಮಾಡುತ್ತಿಲ್ಲ ಅನ್ನುತ್ತದೆ. ಎರ್ನಿಗೆ ಇದರಿಂದ ಏನು ಸಿಗುತ್ತದೆ ಅನ್ನುವ ಪ್ರಶ್ನೆ ಬಂದಾಗ, ಪ್ರತಿ ಪಾರ್ಟಿಯಲ್ಲೂ ಯಾರೋ ಒಬ್ಬರು ಬಂದು ಥ್ಯಾಂಕ್ಸ್ ಹೇಳುತ್ತಾರಲ್ಲ, ಅದಕ್ಕೇ ಮಾಡುತ್ತೇನೆ ಅನ್ನುವ ಅರ್ಥದ ಉತ್ತರ ಕೊಡುತ್ತಾನೆ. ಹಾಗಿದ್ದರೆ ರೇವಿಗೆ ಹೋಗುತ್ತಿದ್ದವರೆಲ್ಲ ಚಿತ್ರವನ್ನು ತಲೆ ಮೇಲೆ ಹೊತ್ತುಕೊಳ್ಳಬೇಕಿತ್ತು, ಅಲ್ವಾ? ಕೆಲವರು ಹೊತ್ತುಕೊಂಡರು. ನಮ್ಮ ಆ ದಿನಗಳನ್ನು ಇಷ್ಟು ಪ್ರೀತಿಯಿಂದ ಯಾರೂ ತೋರಿಸಿರಲಿಲ್ಲ ಅಂದರು. ಆದರೆ ಅತಿ ಕಟುವಾಗಿ ಬೈದವರೂ ಒಳಗಿನವರೇ. ಹೀಗಿರಲೇ ಇಲ್ಲ, ಬಟ್ಟೆ ಹಾಗಲ್ಲ, ಮಾತು ಹಾಗಲ್ಲ, ಹೊಸಬನೊಬ್ಬ ಒಂದೇ ರಾತ್ರಿಯಲ್ಲಿ ಬದಲಾಗಿಬಿಡುವುದು ಸುಳ್ಳು ಅನ್ನುವ ಬಗೆಯ ದೂರು ಅವರದು.

ಈ ದೂರನ್ನು ಅರ್ಥ ಮಾಡಿಕೊಳ್ಳಲು ಸಮಾಜಶಾಸ್ತ್ರಜ್ಞೆ ಸಾರಾ ಥಾರ್ನ್‌ಟನ್ ಅವರ ಒಂದು ಪರಿಕಲ್ಪನೆ ಬೇಕು. 1995ರಲ್ಲಿ ಬ್ರಿಟನ್ನಿನ ಕ್ಲಬ್ಬುಗಳ ಬಗ್ಗೆ ಬರೆಯುವಾಗ ಅವರು ಹೇಳಿದ್ದು ಇಷ್ಟು: ಇಂಥ ಗುಂಪುಗಳಲ್ಲಿ ‘ಗೊತ್ತಿರುವುದೇ’ ಒಂದು ಆಸ್ತಿ. ಯಾವ ಹಾಡು, ಯಾವ ಜಾಗ, ಯಾವಾಗ ಹೋಗಿದ್ದೆ ಅನ್ನುವುದರ ಮೇಲೆ ಗುಂಪಿನೊಳಗೆ ಬೆಲೆ ಸಿಗುತ್ತದೆ. ಉಪಸಂಸ್ಕೃತಿಯ ಬಂಡವಾಳ ಅಂತ ಕನ್ನಡದಲ್ಲಿ ಬರೆಯಬಹುದು. ಸಿನಿಮಾ ಬಂದ ಕೂಡಲೇ ಆ ಆಸ್ತಿ ಎಲ್ಲರ ಕೈಗೂ ಸಿಗುತ್ತದೆ. ಟಿಕೆಟ್ ಕೊಂಡವನಿಗೂ ಗೋದಾಮಿನ ಒಳಗೆ ಏನಿದೆ ಅಂತ ಗೊತ್ತಾಗುತ್ತದೆ. ಹಾಗಾಗಿ ‘ಹೀಗಿರಲಿಲ್ಲ’ ಅನ್ನುವ ಮಾತಿನಲ್ಲಿ ‘ನಾನು ಅಲ್ಲಿದ್ದೆ’ ಅನ್ನುವುದೂ ಸೇರಿರುತ್ತದೆ. ವಿಮರ್ಶೆಯಾಗಿ ಆ ದೂರು ನನಗೆ ಅಷ್ಟೇನೂ ಗಟ್ಟಿ ಅನ್ನಿಸುವುದಿಲ್ಲ. ಸಿನಿಮಾ ಯಾರ ನೆನಪಿನ ಜೆರಾಕ್ಸೂ ಅಲ್ಲ. ಆದರೆ ಪ್ರೇಕ್ಷಕರನ್ನು ಅಧ್ಯಯನ ಮಾಡುವವರಿಗೆ ಇದಕ್ಕಿಂತ ಒಳ್ಳೆ ಸಾಮಗ್ರಿ ಸಿಗುವುದಿಲ್ಲ.

ಅವರ ಒಂದು ದೂರು ಮಾತ್ರ ನಿಜಕ್ಕೂ ಸಿನಿಮಾ ಕಟ್ಟಿದ ರೀತಿಗೆ ಸಂಬಂಧಿಸಿದ್ದು. ಪಾತ್ರಗಳು ಡಾನ್ಸ್ ನಡೆಯುವ ಜಾಗದಲ್ಲೇ ಮಾಮೂಲಿ ದನಿಯಲ್ಲಿ ಮಾತಾಡುತ್ತವೆ. ಸಂಭಾಷಣೆ ಬಂದಾಗ ಸಂಗೀತ ವಿನಯದಿಂದ ಹಿಂದೆ ಸರಿಯುತ್ತದೆ. ನಿಜವಾದ ಜಾಗದಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಕ್ಲಬ್ ತೋರಿಸುವ ಹೆಚ್ಚುಕಡಿಮೆ ಎಲ್ಲ ಚಿತ್ರಗಳೂ ಇದೇ ಮೋಸ ಮಾಡುತ್ತವೆ, ಮಾಡದೆ ಗತಿಯೂ ಇಲ್ಲ. ಆದರೆ ಇಲ್ಲಿಂದಲೇ ಮುಂದಿನ ವಿಷಯ ಶುರುವಾಗುತ್ತದೆ.

ಕಥೆ ಎಲ್ಲಿ ಅಂದವರು

‘ಕಥೆನೇ ಇಲ್ವಲ್ಲೋ, ಬರೀ ಕುಣಿತ ಕಣೋ’ ಅಂದವನು ನಮ್ಮ ಗುಂಪಿನ ಮದ್ದೂರಿನ ಗೆಳೆಯ. ಪಾತ್ರಗಳು ತೆಳು, ಏನೂ ಆಗುವುದಿಲ್ಲ ಅನ್ನುವುದು ಈ ಚಿತ್ರದ ಬಗ್ಗೆ ಬೇರೆ ಕಡೆಯೂ ಕೇಳಿಬಂದ ಮಾತು. ಅವನಿಗೆ ನಾನು ಕೊಟ್ಟ ಉತ್ತರ ಅವನ ಜಿಲ್ಲೆಯದ್ದೇ. ಮಂಡ್ಯದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡುತ್ತಾರಲ್ಲ, ರಾತ್ರಿ ಶುರುವಾದರೆ ಬೆಳಗಿನವರೆಗೆ. ಅಲ್ಲಿ ಕೂತವರಲ್ಲಿ ಯಾರಿಗೆ ಕಥೆ ಗೊತ್ತಿಲ್ಲ? ಕೌರವ ಸಾಯುತ್ತಾನೆ ಅಂತ ಮಗುವಿಗೂ ಗೊತ್ತು. ಜನ ಕಾಯುವುದು ಕೃಷ್ಣನ ಪಾತ್ರಧಾರಿ ಆ ಕಂದಪದ್ಯವನ್ನು ಹೇಗೆ ಎಳೆಯುತ್ತಾನೆ ಅಂತ. ಚೆನ್ನಾಗಿದ್ದರೆ ಒನ್ಸ್ ಮೋರ್, ಸತ್ತವನೂ ಎದ್ದು ಇನ್ನೊಮ್ಮೆ ಹಾಡುವುದುಂಟು. ಆಡುವವರು ಸಂಪಾದನೆಗೆ ಬಂದವರಲ್ಲ, ಪಾತ್ರಕ್ಕಾಗಿ ಕೈಯಿಂದ ದುಡ್ಡು ಹಾಕಿದವರು. ಎರ್ನಿಯೂ ಅಂಥವನೇ. ಇಡೀ ರಾತ್ರಿಯ ಆ ನಾಟಕವನ್ನು 86 ನಿಮಿಷಕ್ಕೆ ಇಳಿಸಿ, ಹಾಡುಗಳ ಮೇಲೆ ಮಾತು ಹಾಕಿ, ಮೊದಲ ಸಲ ನಾಟಕ ನೋಡಲು ಬಂದ ಹುಡುಗನನ್ನು ನಾಯಕ ಮಾಡಿದರೆ ಏನು ಉಳಿಯುತ್ತದೆ? ಊರಿನವರು ಇದಲ್ಲ ಅನ್ನುತ್ತಾರೆ, ಹೊರಗಿನವರು ಇಷ್ಟೇನಾ ಅನ್ನುತ್ತಾರೆ.

‘ಗ್ರೂವ್’ ಸಿಕ್ಕಿಕೊಂಡಿರುವುದು ಇಲ್ಲೇ. ಡಿಜೆಯ ಸೆಟ್ಟಿಗೆ ನಾಯಕನಿಲ್ಲ, ತಿರುವಿಲ್ಲ. ಹೌಸ್ ಸಂಗೀತ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 130 ಬಡಿತದಲ್ಲಿ ಓಡುತ್ತದೆ. ಕೆಳಗೆ ಒಂದೇ ಸಮನೆ ಕಿಕ್ ಡ್ರಮ್, ಅಂದರೆ ದಪ್ಪ ದನಿಯ ದೊಡ್ಡ ಡ್ರಮ್ಮಿನ ಬಡಿತ. ಅದರ ಮೇಲೆ ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ನುಸುಳಿಸಿ, ಎಲ್ಲಿ ಬದಲಾಯಿತು ಅಂತ ತಿಳಿಯದ ಹಾಗೆ ಗಂಟೆಗಟ್ಟಲೆ ನಡೆಸುವುದೇ ಡಿಜೆಯ ಕಸುಬು. ಸುಖ ಇರುವುದು ಮತ್ತೆ ಮತ್ತೆ ಬರುವುದರಲ್ಲಿ. ಸಿನಿಮಾದ ಕಥೆಗೆ ಬೇಕಾದದ್ದು ಬದಲಾವಣೆ: ಆರಂಭ, ತೊಡಕು, ಬಿಡುಗಡೆ. ಹ್ಯಾರಿಸನ್ ಎರಡನ್ನೂ ಹಿಡಿಯಲು ಹೋದರು. ಪೊಲೀಸರ ಬರವು, ಕಾಲಿನ್‌ನ ಪ್ರೇಮದ ಗೊಂದಲ, ಡೇವಿಡ್ ಮತ್ತು ಲೈಲಾ, ಇವೆಲ್ಲ ಕಥೆಯ ಕಡೆಯ ಸುಂಕ. ನನ್ನ ಮಟ್ಟಿಗೆ ಚಿತ್ರ ಗೆಲ್ಲುವುದು ಆ ಸುಂಕ ಕಟ್ಟಿ ಮುಗಿಸಿದ ಮೇಲೆ, ಡಿಗ್‌ವೀಡ್ ನುಡಿಸಲು ನಿಂತಾಗ. ಮದ್ದೂರಿನವನಿಗೆ ಅದೇ ಭಾಗ ಬೇಸರ ತಂದಿದ್ದು. ಇಬ್ಬರಿಗೂ ಕಂಡದ್ದು ಒಂದೇ. ಅವನು ಕಾದದ್ದು ತಿರುವಿಗೆ, ನಾನು ಕಾದದ್ದು ಹಾಡಿಗೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಸಣ್ಣ ಕಾರಣವನ್ನು ಯಾವ ಸಿದ್ಧಾಂತವೂ ಹೇಳುವುದಿಲ್ಲ. ಕಿಕ್ ಡ್ರಮ್ಮಿನ ಬುಡದ ದನಿ ಸುಮಾರು 50-60 ಹರ್ಟ್ಸ್. ಫೋನಿನ ಸ್ಪೀಕರಿಗೆ ಅಷ್ಟು ಕೆಳಗಿನ ದನಿ ಹೊರಡಿಸುವ ಶಕ್ತಿಯೇ ಇಲ್ಲ. ಬರುವುದು ಟಿಕ್ ಟಿಕ್ ಮಾತ್ರ. ಥಿಯೇಟರಿನಲ್ಲಿ ಎದೆಗೆ ಬಡಿದದ್ದು ಹಾಸ್ಟೆಲ್ ಕೋಣೆಯಲ್ಲಿ ಸೊಳ್ಳೆ ಬ್ಯಾಟಿನ ಸದ್ದಾಗುತ್ತದೆ. ಆಮೇಲೆ ‘ಏನಿದೆ ಇದರಲ್ಲಿ’ ಅಂದರೆ ತಪ್ಪು ಯಾರದ್ದು? ಪ್ರತಿಕ್ರಿಯೆ ಸಂಗ್ರಹಿಸುವಾಗ ಯಾವುದರಲ್ಲಿ ನೋಡಿದಿರಿ ಅಂತ ಕೇಳುವುದನ್ನು ಮರೆಯಬೇಡಿ.

ಹಾಲ್ ಎಷ್ಟು ದೂರ ಬರುತ್ತಾರೆ

ನಮ್ಮ ಎಲ್ಲರ ನೋಟ್ಸಿನಲ್ಲಿ ಇರುವುದು ಸಂಸ್ಕೃತಿ ಅಧ್ಯಯನದ ಚಿಂತಕ ಸ್ಟುವರ್ಟ್ ಹಾಲ್. 1973ರಲ್ಲಿ ಟೀವಿಯನ್ನು ಮುಂದಿಟ್ಟುಕೊಂಡು ಅವರು ಮೂರು ಬಗೆಯ ಓದು ಹೇಳಿದರು. ಹೇಳಿದ್ದನ್ನು ಹಾಗೇ ಒಪ್ಪುವುದು, ಸ್ವಲ್ಪ ಒಪ್ಪಿ ಸ್ವಲ್ಪ ತಿದ್ದಿಕೊಳ್ಳುವುದು, ಪೂರ್ತಿ ಎದುರು ನಿಲ್ಲುವುದು. ‘ಗ್ರೂವ್’ಗೆ ಇದನ್ನು ಸೀದಾ ಅಂಟಿಸಿದರೆ ಉತ್ತರ ಪತ್ರಿಕೆಯಲ್ಲಿ ಅಂಕ ಬರಬಹುದು, ಆದರೆ ಲೆಕ್ಕ ತಪ್ಪುತ್ತದೆ. ರೇವಿಗೆ ಹೋಗುತ್ತಿದ್ದವನು ಚಿತ್ರ ಹೇಳುವುದನ್ನು ನೂರಕ್ಕೆ ನೂರು ಒಪ್ಪುತ್ತಾನೆ, ಚಿತ್ರವನ್ನು ಮಾತ್ರ ಬೈಯುತ್ತಾನೆ. ಅವನನ್ನು ಯಾವ ಖಾನೆಗೆ ಹಾಕುವುದು? ನಮ್ಮ ಗುಂಪಿನಲ್ಲೇ ಶ್ರೀರಂಗಪಟ್ಟಣದ ಅಕ್ಕ ಒಬ್ಬರಿದ್ದಾರೆ. ಡ್ರಗ್ಸ್ ತೋರಿಸಿದ ರೀತಿ ಅವರಿಗೆ ಕಿಂಚಿತ್ತೂ ಹಿಡಿಸಲಿಲ್ಲ. ಆದರೂ ಒಂದೇ ರಾತ್ರಿಯಲ್ಲಿ ಅಷ್ಟು ಜನರ ಕಥೆಯನ್ನು ಹೆಣೆದ ಎಡಿಟಿಂಗನ್ನು ಬಾಯ್ತುಂಬ ಹೊಗಳಿದರು. ಚಿತ್ರ ಹೇಳುವುದನ್ನು ಒಪ್ಪುವುದು ಒಂದು, ಚಿತ್ರವನ್ನು ಮೆಚ್ಚುವುದು ಇನ್ನೊಂದು. ಹಾಲ್ ಅವರ ಮೂರು ಖಾನೆಗಳು ಅಳೆಯುವುದು ಮೊದಲಿನದನ್ನು. ಅದು ಅವರ ತಪ್ಪಲ್ಲ, ಅವರು ಮಾತಾಡುತ್ತಿದ್ದುದೇ ಸಂದೇಶದ ಬಗ್ಗೆ. ಎರಡನ್ನೂ ಬೇರೆ ಬೇರೆ ಗೆರೆಯಲ್ಲಿ ಗುರುತು ಹಾಕಿಕೊಂಡರೆ ನಮ್ಮ ಗುಂಪಿನ ಜಗಳ ಅರ್ಧ ಬಗೆಹರಿಯುತ್ತದೆ.

ಡ್ರಗ್ಸ್ ವಿಷಯದಲ್ಲಿ ಅಕ್ಕನ ಪರವೇ ನಾನು, ಆದರೆ ಅವರ ಕಾರಣಕ್ಕಲ್ಲ. ಎಕ್ಸ್‌ಟಸಿಯಲ್ಲಿರುವ ಎಂಡಿಎಂಎ ಮೈ ಬಿಸಿ ಏರಿಸುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಗಂಟೆಗಟ್ಟಲೆ ಕುಣಿದರೆ ಅದೇ ಪ್ರಾಣಕ್ಕೆ ಬರುವುದುಂಟು. ಮಾರನೇ ದಿನಗಳಲ್ಲಿ ಮನಸ್ಸು ಕುಸಿಯುವುದೂ ಇದೆ. ‘ಗ್ರೂವ್’ ಬೆಳಗಾಗುತ್ತಲೇ ಮುಗಿದುಬಿಡುತ್ತದೆ, ಹಾಗಾಗಿ ಆ ಕುಸಿತ ತೋರಿಸುವ ಕೆಲಸವೇ ಅದಕ್ಕೆ ಬರುವುದಿಲ್ಲ. ಒಂದು ವರ್ಷ ಮೊದಲು, 1999ರಲ್ಲಿ ಜಸ್ಟಿನ್ ಕೆರಿಗನ್ ಕಾರ್ಡಿಫ್ ನಗರದ ಯುವಕರ ಬಗ್ಗೆ ಮಾಡಿದ ‘ಹ್ಯೂಮನ್ ಟ್ರಾಫಿಕ್’ ಒಂದು ರಾತ್ರಿಗೆ ನಿಲ್ಲದೆ ಇಡೀ ವಾರಾಂತ್ಯ ತೆಗೆದುಕೊಂಡಿತು, ನಶೆ ಇಳಿದ ಹೊತ್ತನ್ನೂ ಸೇರಿಸಿತು. ನೀತಿಪಾಠಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಕಾಲವನ್ನು ಎಲ್ಲಿ ಕತ್ತರಿಸುತ್ತೀರಿ ಅನ್ನುವುದರಲ್ಲೇ ನಿಮ್ಮ ನಿಲುವು ಬಂದುಬಿಡುತ್ತದೆ.

ಮೈಸೂರಿನಲ್ಲಿ ಕೂತು ನೋಡುವಾಗ

ಇಲ್ಲಿನ ನಮಗೆ ರೇವ್ ಪರಿಚಯವಾದದ್ದು ಹಾಡಿನಿಂದ ಅಲ್ಲ, ಪೇಪರಿನ ಅಪರಾಧ ಸುದ್ದಿಯಿಂದ. 2024ರ ಸೆಪ್ಟೆಂಬರಿನಲ್ಲಿ ಕೆಆರ್‌ಎಸ್ ಹಿನ್ನೀರಿನ ಬಳಿ ಮೀನಾಕ್ಷಿಪುರದಲ್ಲಿ ಪಾರ್ಟಿಯೊಂದರ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿ ಎಲ್ಲರಿಗೂ ನೆನಪಿರಬೇಕು. ಅಂಥ ಸುದ್ದಿ ಓದಿ ಬೆಳೆದವರು ‘ಗ್ರೂವ್’ ನೋಡಲು ಕೂತರೆ, ಪೊಲೀಸ್ ಬರುವ ದೃಶ್ಯದಲ್ಲಿ ಎರ್ನಿಯ ಕಡೆ ಇರುವುದು ಸುಲಭವಲ್ಲ. ಬ್ರಿಟನ್ನಿನಲ್ಲೂ ಪೇಪರುಗಳ ಪಾತ್ರ ದೊಡ್ಡದು. 1988ರಲ್ಲಿ ‘ದಿ ಸನ್’ ಪತ್ರಿಕೆ ಮೊದಲು ಆಸಿಡ್ ಹೌಸ್ (ಹೌಸ್ ಸಂಗೀತದ ಒಂದು ಬಗೆ) ಗುಂಪಿನ ಗುರುತಾದ ನಗುಮುಖದ ಟೀಶರ್ಟ್ ಮಾರಿತು, ಸ್ವಲ್ಪ ದಿನಕ್ಕೇ ತಿರುಗಿಬಿದ್ದು ಅದೇ ಗುಂಪನ್ನು ಸಮಾಜಕ್ಕೆ ಅಪಾಯ ಅಂತ ಬರೆಯಿತು. ಇಂಥ ಬೈಗುಳವೇ ಆ ಗುಂಪಿಗೆ ಹೆಸರು, ಅಂಚು, ಆಕರ್ಷಣೆ ಕೊಡುತ್ತದೆ ಅನ್ನುವುದು ಥಾರ್ನ್‌ಟನ್ ಅವರ ಇನ್ನೊಂದು ವಾದ. ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೊಹೆನ್ 1972ರಲ್ಲಿ ಹೇಳಿದ ‘ನೈತಿಕ ಗಾಬರಿ’ಯ (ಒಂದು ಗುಂಪನ್ನು ಸಮಾಜಕ್ಕೆ ಅಪಾಯ ಅಂತ ಬಿಂಬಿಸಿದಾಗ ಹುಟ್ಟುವ ಅತಿಯಾದ ಭಯದ) ಜೊತೆ ಇದನ್ನು ಇಟ್ಟು ಓದಿ. ಕೊಹೆನ್ ಗಾಬರಿಯನ್ನು ಸಮಾಜದ ಕಡೆಯಿಂದ ನೋಡುತ್ತಾರೆ, ಥಾರ್ನ್‌ಟನ್ ಗುಂಪಿನ ಒಳಗಿನಿಂದ. ಹತ್ತು ಅಂಕದ ಪ್ರಶ್ನೆಗೆ ಈ ಜೋಡಿ ಚೆನ್ನಾಗಿ ಕೂರುತ್ತದೆ.

ಯುವ ದಸರಾದಲ್ಲಿ ಕುಣಿದವರಿಗೆ ಚಿತ್ರ ಹೆಚ್ಚು ಹತ್ತಿರವಾಗುತ್ತದೆ ಅಂತ ಮೊದಲು ಅಂದುಕೊಂಡಿದ್ದೆವು. ಹಾಗೇನೂ ಆಗಲಿಲ್ಲ. ಅಲ್ಲಿ ವೇದಿಕೆ ಇದೆ, ಎಲ್ಲರ ಮುಖ ಕಲಾವಿದರ ಕಡೆ. ‘ಗ್ರೂವ್’ನ ಗೋದಾಮಿನಲ್ಲಿ ಜನ ಹೆಚ್ಚಾಗಿ ಒಬ್ಬರನ್ನೊಬ್ಬರು ನೋಡುತ್ತಾರೆ. ಡಿಗ್‌ವೀಡ್ ಬಂದಾಗ ಮಾತ್ರ ಮುಖಗಳು ಒಂದು ಕಡೆ ತಿರುಗುತ್ತವೆ, ಆ ಗಳಿಗೆಯಲ್ಲಿ ಚಿತ್ರ ತನಗೆ ಗೊತ್ತಿಲ್ಲದೆ ಕನ್ಸರ್ಟ್ ಆಗುತ್ತದೆ.

ಇದೇ ಪ್ರಶ್ನೆಗಳನ್ನು ಇನ್ನೆರಡು ಚಿತ್ರಗಳ ಮೇಲೆ ಹಾಕಿ ನೋಡಿ. ಬ್ರಿಯಾನ್ ವೆಲ್ಷ್ ಅವರ 2019ರ ‘ಬೀಟ್ಸ್’ 1994ರ ಸ್ಕಾಟ್ಲೆಂಡಿನದು, ಮೇಲೆ ಹೇಳಿದ ಕಾನೂನು ಬರುತ್ತಿದ್ದ ಹೊತ್ತಿನ ಕಥೆ. ಬಹುಪಾಲು ಕಪ್ಪು-ಬಿಳುಪು, ಬಣ್ಣ ಬರುವುದು ರೇವ್ ಭಾಗದಲ್ಲಿ. ಆಲಿವರ್ ಲಾಷೆ ಅವರ ‘ಸಿರಾತ್’ 2025ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಹಂಚಿಕೊಂಡಿತು. ಮೊರಾಕ್ಕೋದ ಮರುಭೂಮಿಯ ರೇವಿನಲ್ಲಿ ಮಗಳನ್ನು ಹುಡುಕುವ ಅಪ್ಪನ ಕಥೆ, ಜೊತೆಗಿರುವ ರೇವರ್‌ಗಳ ಪಾತ್ರದಲ್ಲಿ ವೃತ್ತಿಪರರಲ್ಲದ ನಿಜವಾದ ರೇವರ್‌ಗಳು. ಅಲ್ಲಿ ಪ್ರೇಕ್ಷಕರು ಒಡೆದದ್ದು ರೇವ್ ವಿಷಯಕ್ಕಲ್ಲ, ಮಧ್ಯದಲ್ಲಿ ಬರುವ ಒಂದು ಆಘಾತಕ್ಕೆ. ಏನು ಅಂತ ಇಲ್ಲಿ ಬರೆಯುವುದಿಲ್ಲ. ನೋಡಿದವರು ಒಪ್ಪಿಗೆಗೆ ಒಂದು ಗುರುತು, ಮೆಚ್ಚುಗೆಗೆ ಒಂದು ಗುರುತು ಹಾಕಿ ತನ್ನಿ, ಮುಂದಿನ ಸಲ ಅದರಿಂದಲೇ ಶುರು ಮಾಡೋಣ. ಫೋನಿನಲ್ಲೇ ನೋಡುವುದಾದರೆ ಹೆಡ್‌ಫೋನ್ ಇರಲಿ.