ಕಾಂಪೋಸ್ಟ್ ತಿರುವಿ ಹಾಕುವುದು ಬರೀ ಗಾಳಿಗಲ್ಲ

ಮನೆಯಲ್ಲಿ ಗೊಬ್ಬರ ಮಾಡುವವರನ್ನು ಕೇಳಿದರೆ ಮೊದಲು ಸಿಗುವ ಸಲಹೆ ಒಂದೇ: "ಆಗಾಗ ಕಲಕ್ತಾ ಇರಿ, ಗಾಳಿ ಆಡಬೇಕು." ಸಲಹೆ ತಪ್ಪಲ್ಲ. ಆದರೆ ಕಲಕಿದಾಗ ಒಳಗೆ ಹೋದ ಗಾಳಿ ಎಷ್ಟು ಹೊತ್ತು ಇರುತ್ತದೆ? ಕಸ ಜೋರಾಗಿ ಕೊಳೆಯುತ್ತಿರುವ ದಿನಗಳಲ್ಲಿ ಕೆಲವೇ ಗಂಟೆ. ಬೆಳಗ್ಗೆ ತಿರುವಿದ ರಾಶಿಯ ನಡುಭಾಗದಲ್ಲಿ ಸಂಜೆಯ ಹೊತ್ತಿಗೆ ಆಮ್ಲಜನಕ ಮತ್ತೆ ಮೊದಲಿನ ಮಟ್ಟಕ್ಕೆ ಇಳಿದಿರಬಹುದು. ಸೂಕ್ಷ್ಮಜೀವಿಗಳು ಅಷ್ಟು ಬೇಗ ಅದನ್ನು ಖಾಲಿ ಮಾಡುತ್ತವೆ. ಹಾಗಾದರೆ ವಾರಕ್ಕೊಮ್ಮೆ ತಿರುವಿ ಏನು ಬಂತು?

ಬರುವ ಲಾಭ ಬೇರೆಯೇ ಇದೆ. ಅದನ್ನು ಅರ್ಥ ಮಾಡಿಕೊಂಡರೆ "ಎಷ್ಟು ದಿನಕ್ಕೊಮ್ಮೆ" ಎಂಬ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ.

ಗಾಳಿ ಹೋಗುವ ದಾರಿ

ಹೊರಗಿನ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21. ರಾಶಿಯ ಒಳಗಿನ ಸಂದುಗಳಲ್ಲಿ ಅದು ಶೇ 5ಕ್ಕಿಂತ ಕೆಳಗೆ ಇಳಿಯಬಾರದು. ಶೇ 10ರ ಮೇಲಿದ್ದರೆ ನೆಮ್ಮದಿ. ಕಡಿಮೆಯಾದರೆ ಗಾಳಿ ಬೇಡದ ಬ್ಯಾಕ್ಟೀರಿಯಾಗಳ ಕೈ ಮೇಲಾಗುತ್ತದೆ. ಆಗಲೂ ಕಸ ಕೊಳೆಯುತ್ತದೆ, ಆದರೆ ನಿಧಾನವಾಗಿ. ಜೊತೆಗೆ ಹುಳಿ ಆಮ್ಲಗಳು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ವಾಸನೆಯೇ ಇಲ್ಲದ ಮೀಥೇನ್ ಹೊರಬರುತ್ತವೆ. ಪಕ್ಕದ ಮನೆಯವರು ದೂರು ಹೇಳುವುದು ಈ ಹಂತದಲ್ಲೇ.

ಗಾಳಿ ಯಾಕೆ ಒಳಗೆ ಹೋಗುವುದಿಲ್ಲ? ಬಹಳ ಸಲ ಕಾರಣ ನೀರು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಹರಡುವುದು ಸುಮಾರು 10,000 ಪಟ್ಟು ನಿಧಾನ. ಸಂದುಗಳಲ್ಲಿ ನೀರು ತುಂಬಿತು ಅಂದರೆ ಬಾಗಿಲು ಮುಚ್ಚಿದಂತೆಯೇ. ಕಲ್ಲಂಗಡಿ ಸಿಪ್ಪೆ, ಸೌತೆಕಾಯಿ ತಿರುಳು, ಉಳಿದ ಅನ್ನ ಇವೆಲ್ಲ ಎರಡು ದಿನದಲ್ಲಿ ಕುಸಿದು ಮೆತ್ತಗಾಗುತ್ತವೆ. ಮಿಕ್ಸಿಯಲ್ಲಿ ರುಬ್ಬಿ ಹಾಕಿದರೆ ಬೇಗ ಗೊಬ್ಬರವಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ನನಗೆ ಇದು ಒಪ್ಪಿಗೆ ಇಲ್ಲ. ರುಬ್ಬಿದ ಕಸದಲ್ಲಿ ಸಂದು ಎಲ್ಲಿಂದ ಬರಬೇಕು? ಒಂದರಿಂದ ಎರಡು ಇಂಚಿನ ತುಂಡು ಸಾಕು.

ದಾರಿ ತೆರೆದಿದ್ದರೆ ಮಾತ್ರ ರಾಶಿ ತಾನೇ ಉಸಿರಾಡುತ್ತದೆ. ಒಳಗೆ ಬಿಸಿಯಾದ ಗಾಳಿ ಮೇಲಕ್ಕೆ ಏರುತ್ತದೆ, ಆ ಜಾಗಕ್ಕೆ ಕೆಳಗಿನಿಂದ ತಣ್ಣನೆಯ ಗಾಳಿ ಬರುತ್ತದೆ. ಅದಕ್ಕೇ ಡ್ರಮ್‌ನ ತಳದಲ್ಲೂ ಕೆಳಗಿನ ಪಕ್ಕಗಳಲ್ಲೂ ತೂತು ಮುಖ್ಯ. ಬರೀ ಮುಚ್ಚಳಕ್ಕೆ ತೂತು ಕೊರೆದರೆ ಅರ್ಧ ಕೆಲಸ ಆದಂತೆ. ಡ್ರಮ್ಮನ್ನು ಎರಡು ಇಟ್ಟಿಗೆ ಮೇಲೆ ಇಡಿ. ನಡುವೆ ತೂತು ಹೊಡೆದ ಪಿವಿಸಿ ಪೈಪ್ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಈಗ ತಿರುವುವ ವಿಷಯಕ್ಕೆ ಬರೋಣ. ಕಸ ಕೊಳೆಯುತ್ತಾ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ, ಸಂದುಗಳು ಮುಚ್ಚುತ್ತವೆ. ತಿರುವಿ ಹಾಕಿದಾಗ ಅವು ಮತ್ತೆ ತೆರೆಯುತ್ತವೆ. ಅಂಚಿನಲ್ಲಿ ಒಣಗಿ ಸುಮ್ನೆ ಕೂತಿದ್ದ ಎಲೆ ನಡುವಿಗೆ ಬರುತ್ತದೆ. ತಳದಲ್ಲಿ ನಿಂತ ಒದ್ದೆ ಎಲ್ಲ ಕಡೆಗೂ ಹಂಚಿಹೋಗುತ್ತದೆ. ಉಂಡೆ ಕಟ್ಟಿದ್ದು ಒಡೆಯುತ್ತದೆ. ತಿರುವಿದ ಲಾಭ ದಿನಗಟ್ಟಲೆ ಉಳಿಯುವುದು ಇದರಿಂದ. ಆ ಹೊತ್ತಿಗೆ ಒಳಗೆ ತುಂಬಿದ ಗಾಳಿಯದು ಸಣ್ಣ ಪಾಲು.

ತರಗೆಲೆ ಇಲ್ಲದೆ ಎಷ್ಟು ತಿರುವಿದರೂ ಅಷ್ಟೇ

ಒದ್ದೆ ಕಸವನ್ನು ಬರೀ ತಿರುವಿದರೆ ಅದು ಮಾರನೇ ದಿನ ಮತ್ತೆ ಕುಸಿಯುತ್ತದೆ. ಸಂದು ಹಿಡಿದು ನಿಲ್ಲಿಸುವುದು ಒಣ ಪದಾರ್ಥ: ತರಗೆಲೆ, ಸಣ್ಣ ಕಡ್ಡಿ, ತೆಂಗಿನ ನಾರು, ಹರಿದ ರಟ್ಟು. ಅಳತೆ ಸುಲಭ. ಒಂದು ಬಟ್ಟಲು ಹಸಿ ಕಸಕ್ಕೆ ಒಂದರಿಂದ ಎರಡು ಬಟ್ಟಲು ತರಗೆಲೆ. ಇಂಗಾಲ ಮತ್ತು ಸಾರಜನಕದ ಅನುಪಾತ 25ರಿಂದ 30ಕ್ಕೆ 1 ಇರಬೇಕು ಅಂತ ಪುಸ್ತಕಗಳಲ್ಲಿ ಓದಿರುತ್ತೀರಿ. ಅಡುಗೆಮನೆ ಕಸದ್ದು ಹೆಚ್ಚುಕಡಿಮೆ 15ರಿಂದ 20, ಒಣ ಎಲೆಯದ್ದು 40ರಿಂದ 80. ಎರಡನ್ನೂ ಬೆರೆಸಿದರೆ ಲೆಕ್ಕ ಹತ್ತಿರ ಹತ್ತಿರ ಕೂಡಿ ಬರುತ್ತದೆ. ಇದಕ್ಕಿಂತ ನಿಖರವಾಗಿ ತೂಗಿ ಅಳೆಯುವುದು ಮನೆ ಮಟ್ಟಕ್ಕೆ ಬೇಕಿಲ್ಲ.

ಎರಡು ಕಡೆ ಹುಷಾರು. ಫಿಲ್ಟರ್ ಕಾಫಿಯ ಚರಟ ಕಂದು ಬಣ್ಣದ್ದಾದರೂ ಅದು ಹಸಿ ಕಸದ ಲೆಕ್ಕಕ್ಕೇ ಸೇರಬೇಕು, ಅದರ ಅನುಪಾತ ಸುಮಾರು 20. ಇನ್ನು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಅದು ನೀರು ಚೆನ್ನಾಗಿ ಹೀರುತ್ತದೆ, ನಿಜ. ಆದರೆ ಪುಡಿ ಪುಡಿಯಾಗಿರುವುದರಿಂದ ಸಂದು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕೆ ಕಡಿಮೆ. ದುಡ್ಡು ಕೊಟ್ಟು ಕೊಕೊಪೀಟ್ ಒಂದನ್ನೇ ನಂಬುವುದಕ್ಕಿಂತ ಬೇಸಿಗೆಗೆ ಮುಂಚೆ ಹೊಂಗೆ ಮರ ಎಲೆ ಉದುರಿಸುವಾಗ ನಾಲ್ಕು ಗೋಣಿಚೀಲ ತುಂಬಿಸಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಒಣ ಎಲೆ ಬೇಕೆಂದರೂ ಸಿಗುವುದಿಲ್ಲ ಅಲ್ವಾ?

ತೇವ ಶೇ 50ರಿಂದ 60 ಇರಬೇಕು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿಯಾಗಿದೆ. ಧಾರೆಯಾಗಿ ಇಳಿದರೆ ತರಗೆಲೆ ಸೇರಿಸಿ ತಿರುವಿ. ಹಿಂಡಿದ್ದು ಕೈ ಬಿಟ್ಟ ಕೂಡಲೇ ಉದುರಿದರೆ ನೀರು ಚಿಮುಕಿಸಿ ತಿರುವಿ. ಬಯಲುಸೀಮೆಯ ಬೇಸಿಗೆಯಲ್ಲಿ ಮಣ್ಣಿನ ಮಡಕೆಗಳಿಗೆ ಬರುವ ತೊಂದರೆ ಈ ಎರಡನೆಯದು. ಮಡಕೆಯ ಗೋಡೆಯಿಂದಲೇ ತೇವ ಆರಿಹೋಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೊಂದರೆ ತಿರುಗುಮುರುಗು.

ಎಷ್ಟು ದಿನಕ್ಕೊಮ್ಮೆ, ಹೇಗೆ

ಹೊಸ ಕಸ ಸೇರುತ್ತಿರುವಾಗ ಮೂರು ನಾಲ್ಕು ದಿನಕ್ಕೊಮ್ಮೆ. ಡ್ರಮ್ ತುಂಬಿದ ಮೇಲೆ ವಾರಕ್ಕೊಮ್ಮೆ. ಒಂದು ತಿಂಗಳ ನಂತರ ಹದಿನೈದು ದಿನಕ್ಕೊಮ್ಮೆ. ಇದು ಅಂದಾಜು ಅಷ್ಟೇ. ಕ್ಯಾಲೆಂಡರ್‌ಗಿಂತ ರಾಶಿಯ ಬಿಸಿ ನೋಡುವುದು ಮೇಲು. ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಐದು ನಿಮಿಷ ಬಿಟ್ಟು ಮುಟ್ಟಿ ನೋಡಿ. ಬಿಸಿ ಇದ್ದರೆ ಕೆಲಸ ನಡೆಯುತ್ತಿದೆ, ಬಿಟ್ಟುಬಿಡಿ. ಮೊದಲು ಬಿಸಿ ಇದ್ದದ್ದು ತಣ್ಣಗಾಗಿದೆ, ಒಳಗಿನ ಕಸ ಇನ್ನೂ ಗುರುತು ಸಿಗುವಂತಿದೆ ಅಂದರೆ ತಿರುವುವ ಹೊತ್ತು ಬಂದಿದೆ.

ದೊಡ್ಡ ರಾಶಿ 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ರೋಗಾಣುಗಳು, ಕಳೆ ಬೀಜಗಳು ಸಾಯುತ್ತವೆ. ಅಂಥ ಬಿಸಿ ನಿಲ್ಲಬೇಕಾದರೆ ಉದ್ದ, ಅಗಲ, ಎತ್ತರ ಮೂರೂ ಸುಮಾರು ಮೂರು ಅಡಿ ಇರಬೇಕು. ಬಾಲ್ಕನಿಯ ಬಿನ್‌ನಲ್ಲಿ ಅದನ್ನು ನಿರೀಕ್ಷಿಸಬೇಡಿ. ಆದ್ದರಿಂದ ರೋಗ ಬಂದ ಟೊಮೆಟೊ ಗಿಡ, ಬೀಜ ಕಟ್ಟಿದ ಪಾರ್ಥೇನಿಯಂ ಇವನ್ನು ಸಣ್ಣ ಬಿನ್‌ಗೆ ಹಾಕಬಾರದು, ಎಷ್ಟೇ ತಿರುವಿದರೂ.

ಕಡ್ಡಿ ಹಿಡಿದು ಮೇಲಿಂದ ಚುಚ್ಚಿ ಕಲಕಿದರೆ ಆಗುವುದು ನಾಲ್ಕು ತೂತು ಮಾತ್ರ. ಅಂಚಿನದು ನಡುವಿಗೆ, ತಳದ್ದು ಮೇಲಕ್ಕೆ ಬರಬೇಕು. ಇದಕ್ಕೆ ಸುಲಭದ ದಾರಿ ಎರಡು ಡ್ರಮ್ ಇಟ್ಟುಕೊಳ್ಳುವುದು. ಒಂದರಿಂದ ಇನ್ನೊಂದಕ್ಕೆ ಸುರಿದುಬಿಡಿ. ಒಂದರ ಮೇಲೊಂದು ಮೂರು ಮಣ್ಣಿನ ಮಡಕೆ ಜೋಡಿಸಿದ ಖಂಬಾದಲ್ಲೂ ಹೀಗೇ, ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ತಳದವರೆಗೆ ಕೆದಕಿ ಹಾಕಿ. ಉರುಳಿಸುವ ಡ್ರಮ್ ಇರುವವರಿಗೆ ಕೆಲಸ ಹಗುರ. ಆದರೆ ಒಳಗಿರುವುದು ಒದ್ದೆಯಾಗಿದ್ದರೆ ಉರುಳಿಸಿದಷ್ಟೂ ಉಂಡೆ ಕಟ್ಟುತ್ತದೆ. ಮೊದಲು ತರಗೆಲೆ, ಆಮೇಲೆ ಉರುಳಾಟ.

ತಿರುವುವಾಗ ದಪ್ಪ ದಪ್ಪ ಹುಳ ಕಂಡರೆ ಹೆದರಬೇಡಿ. ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಕಸವನ್ನು ಗಬಗಬ ತಿನ್ನುತ್ತವೆ, ಓಡಾಡುತ್ತಾ ಒಂದಿಷ್ಟು ಕಲಕುವ ಕೆಲಸವನ್ನೂ ಮಾಡುತ್ತವೆ. ಅವು ವಿಪರೀತ ಇದ್ದರೆ ಹಸಿ ಕಸ ಜಾಸ್ತಿ ಆಗಿದೆ ಎಂದು ತಿಳಿಯಿರಿ.

ತಿರುವದೆಯೂ ಗೊಬ್ಬರ ಆಗುತ್ತದೆ

ಈ ವಿಷಯದಲ್ಲಿ ನಮ್ಮ ದೇಶದಲ್ಲೇ ಎರಡು ಹೆಸರಾಂತ ಪದ್ಧತಿಗಳಿವೆ. ಇಂದೋರ್ ವಿಧಾನವನ್ನು ಕೃಷಿ ವಿಜ್ಞಾನಿಗಳಾದ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ 1924ರಿಂದ 1931ರ ನಡುವೆ ಇಂದೋರ್‌ನಲ್ಲಿ ರೂಪಿಸಿದರು. ಅದರಲ್ಲಿ ಮೂರು ಸಲ ತಿರುವುತ್ತಾರೆ: ಸುಮಾರು ಎರಡು ವಾರಕ್ಕೆ, ತಿಂಗಳಿಗೆ, ಮತ್ತೆ ಎರಡು ತಿಂಗಳಿಗೆ. ಮೂರು ತಿಂಗಳ ಹೊತ್ತಿಗೆ ಗೊಬ್ಬರ ಸಿದ್ಧ. 1939ರಲ್ಲಿ ವಿಜ್ಞಾನಿ ಸಿ.ಎನ್. ಆಚಾರ್ಯ ಅವರಿಂದ ಬಂದ ಬೆಂಗಳೂರು ವಿಧಾನದಲ್ಲಿ ತಿರುವುವ ಮಾತೇ ಇಲ್ಲ. ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ಮೇಲೆ ಮಣ್ಣು ಮೆತ್ತುತ್ತಾರೆ. ಮೊದಲ ಕೆಲವು ದಿನ ಒಳಗಿದ್ದ ಗಾಳಿಯಲ್ಲಿ ಬಿಸಿ ಏರುತ್ತದೆ, ಆಮೇಲೆ ಗಾಳಿ ಇಲ್ಲದೆಯೇ ನಿಧಾನವಾಗಿ ಕೊಳೆಯುತ್ತದೆ. ಆರರಿಂದ ಎಂಟು ತಿಂಗಳು ಬೇಕು. ಆಳಿನ ಖರ್ಚು ಉಳಿಯುತ್ತದೆ, ನೀರು ಕಡಿಮೆ ಸಾಕು, ಸಾರಜನಕವೂ ಕಡಿಮೆ ಹಾರಿಹೋಗುತ್ತದೆ. ಹಿತ್ತಲಲ್ಲಿ ಗುಂಡಿ ತೋಡಲು ಜಾಗ ಇದ್ದು, ಅವಸರ ಇಲ್ಲದವರು ಎಲೆ ಮತ್ತು ಅಡುಗೆಮನೆ ಕಸಕ್ಕೆ ಇದೇ ಉಪಾಯ ಬಳಸಬಹುದು. ಫ್ಲ್ಯಾಟ್‌ನಲ್ಲಿ ಇರುವವರಿಗೆ ಇದು ಹೊಂದುವುದಿಲ್ಲ.

ತಿರುವುವುದರಿಂದ ನಷ್ಟವೂ ಇದೆ ಅನ್ನುವುದು ಇಲ್ಲಿಂದ ಗೊತ್ತಾಗುತ್ತದೆ. ಪದೇ ಪದೇ ಕೆದಕಿದರೆ ಬಿಸಿ ಆರುತ್ತದೆ, ತೇವ ಹೋಗುತ್ತದೆ, ಅಮೋನಿಯಾ ರೂಪದಲ್ಲಿ ಸಾರಜನಕ ಹಾರುತ್ತದೆ. ತಿರುವುವಾಗ ಮೂಗಿಗೆ ಘಾಟು ಹೊಡೆದರೆ ಅದೇ. ಕೊನೆಯ ಹಂತದಲ್ಲಿ ಕಡ್ಡಿ, ನಾರು ಕರಗಿಸುವುದು ಶಿಲೀಂಧ್ರಗಳು. ಅವುಗಳ ಬಿಳಿ ಎಳೆಗಳನ್ನು ಬೂಷ್ಟು ಬಂತೆಂದು ಕಲಕಿ ಹರಿಯಬೇಡಿ. ಎರೆಹುಳು ತೊಟ್ಟಿಯನ್ನು ಆಳವಾಗಿ ತಿರುವಬಾರದು, ಮೇಲ್ಪದರ ಸಡಿಲಿಸಿದರೆ ಸಾಕು. ಬೊಕಾಶಿ ಡಬ್ಬಿಯನ್ನಂತೂ ಮುಚ್ಚಿಯೇ ಇಡಬೇಕು, ಅದು ಗಾಳಿ ಇಲ್ಲದೆ ಹುಳಿ ಬರಿಸುವ ಪದ್ಧತಿ.

ಕಪ್ಪಾಗಿ, ಪುಡಿಯಾಗಿ, ಮಣ್ಣಿನ ವಾಸನೆ ಬಂದ ಮೇಲೆ ಒಂದು ತಿಂಗಳು ಮುಟ್ಟದೆ ಮಾಗಲು ಬಿಡಿ. ಆಮೇಲೆ ಒಂದು ಹಿಡಿ ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿ ಮೂರು ದಿನ ಇಟ್ಟು ಬಿಚ್ಚಿ ನೋಡಿ. ಕೆಟ್ಟ ವಾಸನೆ ಬಂದರೆ ಇನ್ನೂ ಹಸಿ ಇದೆ, ವಾಪಸ್ ಡ್ರಮ್ಮಿಗೆ ಹಾಕಿ. ವಾಸನೆ ಇಲ್ಲದಿದ್ದರೆ ಅರ್ಧ ಮಣ್ಣು, ಅರ್ಧ ಗೊಬ್ಬರ ಬೆರೆಸಿ ಸ್ವಲ್ಪ ಮೆಂತ್ಯ ಬಿತ್ತಿ. ಪಕ್ಕದಲ್ಲಿ ಬರೀ ಮಣ್ಣಿನಲ್ಲೂ ಅಷ್ಟೇ ಬಿತ್ತಿ. ಎರಡೂ ಕಡೆ ಒಂದೇ ಸಮ ಮೊಳೆತರೆ ಕುಂಡಗಳಿಗೆ ಹಾಕಬಹುದು. ಗೊಬ್ಬರದ ಕಡೆ ಕಡಿಮೆ ಬಂದರೆ ಇನ್ನೂ ಎರಡು ವಾರ ಕಾಯಿರಿ.